ಮೊಂತಿ ಫೆಸ್ತ್ ಮುಗಿದ ಮರುದಿನ

ಸೆಪ್ಟೆಂಬರಿನ ಇಗರ್ಜಿಯ (ಚರ್ಚಿನ) ಹಬ್ಬಗಳನ್ನೆಲ್ಲ ತಿಂಗಳಿಡೀ ಮನೆಯಲ್ಲೂ ಆಚರಿಸಬೇಕು ಅನ್ನುವ ನನ್ನ ಹಠ 2025ರಲ್ಲಿ ಕೊನೆಗೂ ಪೂರ್ತಿ ನಡೆಯಿತು. ಮೊಂತಿ ಫೆಸ್ತ್ ಅಂದರೆ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಜನ್ಮದಿನದ, ಹೊಸ ತೆನೆಯ ಹಬ್ಬ. ಆಗಸ್ಟ್ 30ಕ್ಕೆ ಅದರ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾದಲ್ಲಿಂದ ಸೆಪ್ಟೆಂಬರ್ 30ರ ಸಂತ ಜೆರೋಮರ ದಿನದವರೆಗೆ, ಒಟ್ಟು 32 ದಿನ. ಅದರಲ್ಲಿ ಎರಡು ದಿನ ಮಗನ ಜ್ವರಕ್ಕೆ ಹೋಯಿತು. ಉಳಿದ ಮೂವತ್ತು ದಿನವೂ ಮನೆಯ ಆಲ್ತಾರಿನ (ದೇವರ ಪೀಠದ) ಮುಂದೆ ಏನಾದರೊಂದು ಆಗಿದೆ. ಇದು ನಾಲ್ಕನೇ ಪ್ರಯತ್ನ. ಮೊದಲ ಮೂರು ವರ್ಷ ಮಣ್ಣು ಮುಕ್ಕಿದ್ದೆ.

ಆಗಲಿಕ್ಕಿಲ್ಲ ಅಂದವರು ತುಂಬ ಜನ. "ಇಗರ್ಜಿ ಇರೋದು ಯಾಕೆ ಬಾಯೆ, ಎಲ್ಲ ಮನೆಯಲ್ಲೇ ಮಾಡಲಿಕ್ಕಾ?" ಅಂತ ನಮ್ಮ ಮಾಂಯ್ (ಅತ್ತೆ) ಮೊದಲ ವರ್ಷವೇ ಕೇಳಿದ್ದರು. ಇಗರ್ಜಿಯಲ್ಲಿ ನಮ್ಮ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ನಕ್ಕರು. "ನೊವೆನಾದ ಒಂಬತ್ತು ದಿನಕ್ಕೇ ಜನ ಸೇರಿಸುವುದು ಕಷ್ಟ, ನೀವು ತಿಂಗಳಿಡೀ ಅಂತೀರಲ್ಲ" ಅಂದರು. ನಮ್ಮವರು ಏನೂ ಹೇಳಲಿಲ್ಲ. ಬಿಲ್ ಮಾತ್ರ ಎತ್ತಿ ನೋಡಿದರು. ಮೂವರಿಗೂ ಈಗ ಉತ್ತರ ಸಿಕ್ಕಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಸರಗೋಡಿನ ಸೀತಾಂಗೋಳಿ ಹತ್ತಿರ ಮನೆಯಲ್ಲೇ ಹೊಲಿಗೆ ಮಾಡುವವಳು. ಮಾಂಯ್, ನಮ್ಮವರು, ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ, ನಾನು, ಹೀಗೆ ಐದು ಜನ. ತೇರ್ಸ್ (ಜಪಮಾಲೆ) ಹೇಗೆ ಹೇಳುವುದು, ನೊವೆನಾ ಯಾವ ಪುಸ್ತಕದಲ್ಲಿ ಉಂಟು, ಆಲ್ತಾರ್ ಹೇಗೆ ಇಡುವುದು, ಇದೆಲ್ಲ ನಿಮಗೆ ಗೊತ್ತಿದೆ. ಅದನ್ನು ಬಿಟ್ಟು ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು ಅಂತ ಹೇಳುತ್ತೇನೆ.

2022ರಲ್ಲಿ ಶುರು ಮಾಡಿದ್ದೇ ತಪ್ಪು ದಾರಿಯಲ್ಲಿ. ಪರದೇಶದ ಯಾರೋ ತಾಯಂದಿರು ಮಾಡಿದ ತಿಂಗಳ ಪಟ್ಟಿಯೊಂದನ್ನು ಫೋನಿನಲ್ಲಿ ನೋಡಿ, ಕಲರ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಪುಟಕ್ಕೆ ಹತ್ತು ರೂಪಾಯಿಯಂತೆ ಹದಿನಾಲ್ಕು ಪುಟ. ಅದರಲ್ಲಿ ಇದ್ದದ್ದೆಲ್ಲ ಸೇಬು ಹಣ್ಣಿನ ಕಡುಬು, ಒಣಗಿದ ಮೇಪಲ್ ಎಲೆ, ಸೆಪ್ಟೆಂಬರ್ 29ರ ಮಹಾದೂತರ ಹಬ್ಬಕ್ಕೆ ಬ್ಲ್ಯಾಕ್‌ಬೆರಿ. ಸೈತಾನ ಸ್ವರ್ಗದಿಂದ ಬಿದ್ದದ್ದು ಬ್ಲ್ಯಾಕ್‌ಬೆರಿಯ ಮುಳ್ಳಿನ ಪೊದೆಗೆ ಅಂತ ಅವರ ಕಡೆ ಒಂದು ಕತೆ. ಹಾಗಾಗಿ ಆ ದಿನದ ನಂತರ ಆ ಹಣ್ಣು ಕೊಯ್ಯಬಾರದಂತೆ. ಕತೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ಆಗ ಮಳೆ. ಅಂಗಳದಲ್ಲಿ ಒಣಗಿದ ಒಂದು ಎಲೆ ಸಿಕ್ಕಿದರೆ ಹೇಳಿ.

ಆ ವರ್ಷ ಓಣಂನ ಮುಖ್ಯ ದಿನವಾದ ತಿರುವೋಣಂ ಮತ್ತು ಮೊಂತಿ ಫೆಸ್ತ್ ಒಂದೇ ದಿನ ಬಿದ್ದವು, ಸೆಪ್ಟೆಂಬರ್ 8ಕ್ಕೆ. ಗಡಿಯ ಈಚೆ, ಕೇರಳದಲ್ಲಿ ಇರುವ ನಮಗೆ ಮಾತ್ರ ಗೊತ್ತು ಅದರ ಕಷ್ಟ. ನೊವೆನಾಕ್ಕೆ ದಿನಾ ಮಕ್ಕಳ ಕೈಯಲ್ಲಿ ಹೂ ಬೇಕು. ಅದೇ ಹತ್ತು ದಿನ ನೆರೆಮನೆಯ ಮಕ್ಕಳಿಗೆ ಪೂಕಳಂಗೂ (ಓಣಂನ ಹೂವಿನ ರಂಗೋಲಿಗೂ) ಹೂ ಬೇಕು. ಬೇಲಿಯ ರಥಪುಷ್ಪ, ದಾಸವಾಳ, ಶಂಖಪುಷ್ಪ ಎಲ್ಲ ಬೆಳಗ್ಗೆ ಆರಕ್ಕೇ ಖಾಲಿ. ಪೇಟೆಯ ಸೇವಂತಿಗೆ, ಚೆಂಡು ಹೂವಿಗೆ ಕೈ ಹಾಕುವಂತಿಲ್ಲ. ಒಂಬತ್ತು ದಿನಕ್ಕೆ ಹೂವಿಗೇ ಎಂಟುನೂರರ ಹತ್ತಿರ ಹೋಯಿತು. ಮೇಣದ ಬತ್ತಿ, ಪ್ರಿಂಟ್, ಬಣ್ಣದ ಕಾಗದ, ಊಟದ ತರಕಾರಿ ಎಲ್ಲ ಸೇರಿ ಮೂರು ಸಾವಿರದ ಮೇಲೆ. ಸೆಪ್ಟೆಂಬರ್ 10ಕ್ಕೆ ಆ ಪಟ್ಟಿ ಗೋಡೆಯಲ್ಲಿ ಇತ್ತು, ನಾವು ಯಾರೂ ಅದರ ಹತ್ತಿರ ಇರಲಿಲ್ಲ. ಮಳೆಗಾಲದ ಥಂಡಿಗೆ ಅದೂ ಒಂದು ದಿನ ಕಳಚಿ ಬಿತ್ತು.

2023ರಲ್ಲಿ ಬಟ್ಟೆಗೆ ಇಳಿದೆ. ಹೊಲಿಗೆಯವಳಲ್ವಾ, ಅದು ನನ್ನ ಕೈಯಲ್ಲಿದೆ ಅಂತ ಗರ್ವ. ಪೂಜೆಯಲ್ಲಿ ಫಾದರ್ ತೊಡುವ ಬಣ್ಣವೇ ಮನೆಯ ಆಲ್ತಾರಿಗೂ ಇರಲಿ ಅಂತ ಯೋಚನೆ. ಸಾಮಾನ್ಯ ದಿನಗಳಿಗೆ ಹಸಿರು, 8ಕ್ಕೆ ಬಿಳಿ, 14ರ ಪವಿತ್ರ ಶಿಲುಬೆಯ ಹಬ್ಬಕ್ಕೆ ಕೆಂಪು, 15ರ ಶೋಕಮಾತೆಗೆ ಬಿಳಿ, 21ರ ಸಂತ ಮತ್ತಾಯರಿಗೆ ಕೆಂಪು, 29ಕ್ಕೆ ಮತ್ತೆ ಬಿಳಿ. ಕೆಂಪಿಗೆ ಹೊಳೆಯುವ ಸಾಟಿನ್ ತಂದೆ. ಅಂಗಡಿಯವನು ಬಣ್ಣ ಗ್ಯಾರಂಟಿ ಅಂದಿದ್ದ. ಒದ್ದೆ ಹೂವಿನ ಹೂದಾನಿ ಅದರ ಮೇಲೆ ಒಂದು ರಾತ್ರಿ ಇದ್ದದ್ದೇ ತಡ, ಕೆಂಪು ಬಣ್ಣ ಕೆಳಗಿನ ಬಿಳಿ ಬಟ್ಟೆಗೆ ಇಳಿದಿತ್ತು. ಆ ಬಿಳಿ ಬಟ್ಟೆ ಮಾಂಯ್ ಮದುವೆಗೆ ತಂದದ್ದು, ಅಂಚಿಗೆ ಕ್ರೋಶೆ ಹಾಕಿದ್ದು. ಅವರು ಮೂರು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಈಗ ಸಾಟಿನ್ ಮುಟ್ಟುವುದಿಲ್ಲ. ಲೈನಿಂಗಿಗೆ ಬಳಸುವ ಸಾದಾ ಹತ್ತಿ ಬಟ್ಟೆ, ಮೀಟರಿಗೆ ಐವತ್ತು ಅರುವತ್ತು. ಮೊದಲು ಉಪ್ಪು ನೀರಿನಲ್ಲಿ ಒಂದು ರಾತ್ರಿ, ಆಮೇಲೆ ಎರಡು ಸಲ ಒಗೆದು ನಂತರ ಕತ್ತರಿಸುತ್ತೇನೆ. ಹಸಿರು, ಕೆಂಪು ಎರಡನ್ನೂ ಬೆನ್ನಿಗೆ ಬೆನ್ನು ಹೊಲಿದು ಒಂದೇ ಬಟ್ಟೆ ಮಾಡಿದ್ದೇನೆ. ತಿರುಗಿಸಿ ಹಾಕಿದರೆ ಆಯಿತು. ಅಂಚಿಗೆ ಪೈಪಿಂಗ್ ಹೇಗೆ ಕೊಟ್ಟರೆ ಎರಡು ಕಡೆಯಿಂದಲೂ ಬೇರೆ ಬಣ್ಣ ಇಣುಕುವುದಿಲ್ಲ ಅನ್ನುವುದು ನನ್ನ ಗುಟ್ಟು. ಅದನ್ನು ಕೇಳಿಕೊಂಡು ಇಬ್ಬರು ಬಂದಿದ್ದರು. ಹೊಲಿದು ಕೊಡುತ್ತೇನೆ, ಕಲಿಸುವುದಿಲ್ಲ ಅಂದೆ.

ಅದೇ ವರ್ಷ ಭತ್ತಕ್ಕೂ ಕೈ ಹಾಕಿದ್ದು. ಇದರ ಕತೆ ಸ್ವಲ್ಪ ಉದ್ದ.

ಮೊಂತಿ ಫೆಸ್ತ್ ಅಂದರೆ ತೆನೆ. ತುಳುವಿನಲ್ಲಿ ಹೆಸರೇ ಕೊರಲ್ ಪರ್ಬ. ಹಿಂದೆ ಮನೆ ಎದುರಿನ ಬೈಲಿನಲ್ಲೇ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಇರುತ್ತಿತ್ತು. ಈಗ ಆ ಬೈಲೆಲ್ಲ ಅಡಿಕೆ. ಇಗರ್ಜಿಗೂ ಎಲ್ಲಿಂದಲೋ ತೆನೆ ತರಿಸುತ್ತಾರೆ, ಮನೆಗೆ ಎರಡೋ ಮೂರೋ ಸಿಗುತ್ತದೆ. ನಮ್ಮಲ್ಲಿ ಅದರಲ್ಲೇ ಪಾಲು ಆಗಬೇಕು. ಆಲ್ತಾರಿಗೆ ಒಂದು, ಹೊಸಕ್ಕಿ ಊಟಕ್ಕೆ ಸುಲಿಯಲಿಕ್ಕೆ ಒಂದು, ಮತ್ತೆ ಗಲ್ಫಿನಲ್ಲಿರುವ ಇಬ್ಬರು ನಾದಿನಿಯರಿಗೆ ಲಕೋಟೆಯಲ್ಲಿ ಹಾಕಿ ಕಳಿಸುವ ಕಾಳು ಬೇರೆ. ಅದಕ್ಕಿಂತ ದೊಡ್ಡ ಸಂಗತಿ, ನನ್ನ ಮಗನಿಗೆ ತೆನೆ ಗಿಡದಲ್ಲಿ ಹೇಗೆ ಬರುತ್ತದೆ ಅಂತಲೇ ಗೊತ್ತಿರಲಿಲ್ಲ. ಇಗರ್ಜಿಯಿಂದ ಬರುತ್ತದೆ ಅಂದುಕೊಂಡಿದ್ದ.

ಪೇಂಟ್ ಕೆಲಸದವರ ಹತ್ತಿರ ಇಪ್ಪತ್ತು ಲೀಟರಿನ ಖಾಲಿ ಬಕೆಟ್ ತಂದೆ, ಒಂದಕ್ಕೆ ಐವತ್ತು. ಭತ್ತಕ್ಕೆ ನೀರು ನಿಲ್ಲಬೇಕಲ್ಲ, ಆದ್ದರಿಂದ ತೂತು ಮಾಡುವ ಕೆಲಸವೇ ಇಲ್ಲ. ಬೈಲಿನ ಮಣ್ಣು, ಒಣ ಸೆಗಣಿ. ಬೀಜ ಪೈವಳಿಕೆಯ ನೆಂಟರದ್ದು, ಜ್ಯೋತಿ ತಳಿ. 2023ರಲ್ಲಿ ಮಳೆ ತಡ, ಕೇರಳಕ್ಕೆ ಮುಂಗಾರು ಬಂದದ್ದೇ ಜೂನ್ 8ಕ್ಕೆ. ಮಳೆ ಬರಲಿ ಅಂತ ಕಾದು ಬಿತ್ತಿದೆ. ಜ್ಯೋತಿಗೆ 110ರಿಂದ 125 ದಿನ ಬೇಕು. ಸೆಪ್ಟೆಂಬರ್ 8ಕ್ಕೆ ಆದದ್ದು ಸುಮಾರು ತೊಂಬತ್ತು. ಕೆಲವು ಇನ್ನೂ ಹೊಡೆಯಲ್ಲಿದ್ದವು, ಕೆಲವು ಆಗ ತಾನೇ ಹೂ ಬಿಟ್ಟಿದ್ದವು. ಒತ್ತಿ ನೋಡಿದರೆ ಒಳಗೆ ಏನೂ ಇಲ್ಲ. ಮಾಂಯ್ ಬಂದು ನೋಡಿ, "ಜೊಳ್ಳು" ಅಂತ ಒಂದೇ ಮಾತು ಹೇಳಿ ಹೋದರು.

2024ರಲ್ಲಿ ಹಠಕ್ಕೆ ಬಿದ್ದು ಮೇ 1ಕ್ಕೇ ಬಿತ್ತಿದೆ. ಒಂದು ತಿಂಗಳು ಬಾವಿಯಿಂದ ಸೇದಿ ಹಾಕಿದೆ. ಈ ಸಲ ಬೇಗ ಆಯಿತು. ಆಗಸ್ಟ್ 20 ದಾಟುವಾಗಲೇ ಹಣ್ಣಾಗಿ ಬಾಗಿತು. ಮೊದಲು ಹಾಲು ಹೀರುವ ಗಬ್ಬು ನಾತದ ತಿಗಣೆ, ಆಮೇಲೆ ಗುಂಪುಗುಂಪಾಗಿ ಸಣ್ಣ ಹಕ್ಕಿಗಳು. ಉಳಿದದ್ದು ಮಳೆಗೆ ತೆನೆಯಲ್ಲೇ ಮೊಳಕೆ ಬಂತು. ಫೆಸ್ತಿನ ಹೊತ್ತಿಗೆ ನನ್ನ ಹತ್ತಿರ ಇದ್ದದ್ದು ಆರು ಬಕೆಟ್ ಹುಲ್ಲು. ನಮ್ಮವರು, "ಒಂದು ಕರು ತರುವಾ" ಅಂದರು.

ಆ ವರ್ಷ ಚೌತಿ 7ಕ್ಕೆ, ಫೆಸ್ತ್ 8ಕ್ಕೆ. ಹಾಗಾಗಿ ಕಬ್ಬಿಗೆ ಬೆಂಕಿ ಬೆಲೆ. ಒಂದು ಕೋಲು ಎಂಬತ್ತು ಹೇಳಿದ, ಎಪ್ಪತ್ತಕ್ಕೆ ಕೊಟ್ಟ. ನಮ್ಮದು ಆ ದಿನ ಮೀನು ಮಾಂಸ ಇಲ್ಲದ ಊಟ, ಪದಾರ್ಥ ಬೆಸ ಸಂಖ್ಯೆಯಲ್ಲೇ ಆಗಬೇಕು. ಬೆಂಡೆ, ಹೀರೆ, ತೊಂಡೆ ಎಲ್ಲ ಚೌತಿಯವರು ಎತ್ತಿದ ಮೇಲೆ ಉಳಿದದ್ದು ನಮಗೆ. ಒಂಬತ್ತು ಬಗೆ ಅಂತ ಲೆಕ್ಕ ಹಾಕಿದ್ದೆ, ಐದಕ್ಕೆ ಇಳಿಸಿದೆ.

ಆ ಸಲವೂ 9ಕ್ಕೆ ನಿಂತಿತು. ಒಂದು ರಾತ್ರಿ ಬ್ಲೌಸಿಗೆ ಹುಕ್ ಹಾಕುತ್ತಾ ಕೂತಿದ್ದಾಗ ಹಳೆ ಕ್ಯಾಲೆಂಡರ್ ಮೂರನ್ನೂ ತೆಗೆದು ನೋಡಿದೆ. ಆದ ದಿನಗಳಿಗೆ ಚಾಕ್‌ಪೀಸಿನ ಗುರುತು ಹಾಕುವ ಅಭ್ಯಾಸ ನನಗೆ. 2022ರಲ್ಲಿ ಗುರುತು 9ಕ್ಕೆ ಕೊನೆ. 2023ರಲ್ಲಿ 8. 2024ರಲ್ಲಿ 8. ನಾನು ಅಲ್ಲಿಯವರೆಗೆ ತೆನೆ ಸರಿಯಿಲ್ಲ, ಬಟ್ಟೆ ಸರಿಯಿಲ್ಲ, ಮಕ್ಕಳಿಗೆ ಭಕ್ತಿ ಇಲ್ಲ ಅಂತ ಏನೇನೋ ಅಂದುಕೊಂಡಿದ್ದೆ. ವಿಷಯ ಅದಲ್ಲ. ಒಂಬತ್ತು ದಿನ ಓಡಿ, ಎಂಟಕ್ಕೆ ಅಡುಗೆ ಮಾಡಿ, ಮನೆಯವರೆಲ್ಲ ಸುಸ್ತು. ಮರುದಿನಕ್ಕೆ ಮಾಡಲಿಕ್ಕೆ ಏನೂ ಇಟ್ಟಿರುವುದಿಲ್ಲ. 14ರವರೆಗೆ ಖಾಲಿ ಬಿಟ್ಟರೆ 14 ಬಂದದ್ದೂ ಗೊತ್ತಾಗುವುದಿಲ್ಲ. ಅಂದರೆ ತಿಂಗಳು ಸಾಯುವುದು 9ಕ್ಕೆ. 9ನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ.

ಹಿಡಿಯಲಿಕ್ಕೆ ಒಂದು ಕೊಂಡಿಯೂ ಅಲ್ಲೇ ಇತ್ತು. 15 ಶೋಕಮಾತೆಯ ದಿನ. ಮಾತೆಯ ವ್ಯಾಕುಲ, ಅಂದರೆ ದುಃಖ, ಏಳು. 9ರಿಂದ 15ಕ್ಕೆ ಎಣಿಸಿ ನೋಡಿ, ಸರಿಯಾಗಿ ಏಳು ಸಂಜೆ! ಇದನ್ನು ಕಂಡುಹಿಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇರೆ ಎಲ್ಲಿಯಾದರೂ ಯಾರಾದರೂ ಮಾಡಿರಬಹುದು. ನಮ್ಮ ವಾರ್ಡಿನಲ್ಲಂತೂ ನಾನೇ ಮೊದಲು.

ಹೀಗೆ ಮಾಡಿದೆ. ಏಳು ಗೆರಟೆ (ತೆಂಗಿನ ಚಿಪ್ಪು), ನಾರು ತೆಗೆದು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ್ದು. ಮೊದಲು ಮೇಣದ ಬತ್ತಿ ಅಂತ ಇತ್ತು. ಆದರೆ ಏಳು ಬತ್ತಿ ಏಳು ದಿನಕ್ಕೆ ಸಾಲುವುದಿಲ್ಲ, ಗಾಳಿಗೆ ಒಂದೇ ಕಡೆ ಸುರಿಯುತ್ತದೆ. ಎಣ್ಣೆ ಅಂದರೆ 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ ನಾನೂರು ದಾಟಿತ್ತು, ಒಗ್ಗರಣೆಗೇ ಲೆಕ್ಕ ಹಾಕುವ ಹಾಗೆ. ಅದಕ್ಕೆ ಗೆರಟೆಯಲ್ಲಿ ಮುಕ್ಕಾಲು ನೀರು, ಮೇಲೆ ಹಪ್ಪಳ ಕರಿದ ಹಳೆ ಎಣ್ಣೆ ಎರಡು ಚಮಚ. ಬತ್ತಿ ಮುಳುಗದೆ ನಿಲ್ಲಬೇಕಾದರೆ ತೇಲುವಂಥದ್ದು ಏನಾದರೂ ಬೇಕು. ಥರ್ಮಾಕೋಲ್ ಇಟ್ಟು ನೋಡಿದೆ, ಕರಗಿ ವಾಸನೆ ಬಂತು. ಚಪ್ಪಲಿಯ ರಬ್ಬರ್, ಅದೂ ಬೇಡ. ಕೊನೆಗೆ ತೋಟದಲ್ಲೇ ಸಿಗುವ ಒಂದು ವಸ್ತು ಸರಿಹೋಯಿತು. ಅದು ಏನು ಅಂತ ನೀವೇ ಹುಡುಕಿ, ನನಗೆ ಹುಡುಕಲಿಕ್ಕೆ ಒಂದು ವಾರ ಹಿಡಿದಿತ್ತು. ಏಳು ದಿನಕ್ಕೆ ಒಟ್ಟು ಎಣ್ಣೆ ಕಾಲು ಲೀಟರ್ ಕೂಡ ಆಗಲಿಲ್ಲ.

9ರ ಸಂಜೆ ಏಳೂ ದೀಪ ಹಚ್ಚುವುದು. ತೇರ್ಸ್ ಆದ ಮೇಲೆ ಆ ದಿನದ ವ್ಯಾಕುಲ ಓದುವುದು, ಐದು ನಿಮಿಷ ಸಾಕು. ಓದಿ ಆದ ಮೇಲೆ ಒಂದು ದೀಪ ನಂದಿಸುವುದು. ಮರುದಿನ ಹಚ್ಚುವುದು ಆರೇ. ಸಿಮೆಯೋನನ ಮಾತು 9ಕ್ಕೆ, ಈಜಿಪ್ಟಿಗೆ ಓಡಿದ್ದು 10ಕ್ಕೆ, ಮಗ ಜೆರುಸಲೇಮಿನಲ್ಲಿ ಕಳೆದುಹೋದದ್ದು 11ಕ್ಕೆ, ಹೀಗೆ ಸಮಾಧಿಯವರೆಗೆ. ದೀಪ ಯಾರು ನಂದಿಸುವುದು ಅಂತ ಮಕ್ಕಳಿಬ್ಬರಿಗೂ ಜಗಳ. ಆ ಜಗಳವೇ ನನಗೆ ಬೇಕಾಗಿದ್ದದ್ದು. ಕರೆಯದೆ ಬಂದು ಕೂರುತ್ತಿದ್ದರು. ಮೂರು ವರ್ಷ ನಾನು ಫೋನಿನಲ್ಲಿ ಅಲಾರಾಂ ಇಟ್ಟು, ಟಿವಿ ಆಫ್ ಮಾಡಿ, ಗದರಿಸಿ ಕೂರಿಸಿದ್ದವಳು.

ನಾನು ಎಣಿಸದೇ ಇದ್ದದ್ದು ಒಂದಾಯಿತು. 11ರ ಸಂಜೆ ಮಗಳು ಮೂರನೇ ವ್ಯಾಕುಲ ಓದಿದಳು. ಮಾಂಯ್ ಸುಮ್ನೆ ಕೂತಿದ್ದವರು, "ಇವನೂ ಕಳೆದುಹೋಗಿದ್ದ" ಅಂತ ನಮ್ಮವರ ಕಡೆ ತೋರಿಸಿದರು. ನಾಲ್ಕು ವರ್ಷದವನಿದ್ದಾಗ ಕುಂಬಳೆ ಪೇಟೆಯಲ್ಲಿ ಕೈ ಬಿಟ್ಟುಹೋಯಿತಂತೆ. ಸಂಜೆವರೆಗೆ ಹುಡುಕಿ, ಕೊನೆಗೆ ಒಬ್ಬ ಬ್ಯಾರಿ ಸಾಹೇಬರ ಅಂಗಡಿಯ ಜಗಲಿಯಲ್ಲಿ ಬನ್ ತಿನ್ನುತ್ತಾ ಕೂತಿದ್ದ ಅಂತ. ನಮ್ಮವರಿಗೇ ಅದು ಗೊತ್ತಿರಲಿಲ್ಲ. ಮರುದಿನದಿಂದ ಮಕ್ಕಳು ಓದುವುದನ್ನು ಬೇಗ ಮುಗಿಸಿ ಮಾಂಯ್ ಮುಖ ನೋಡುವುದು. ಅವರೂ ದಿನಕ್ಕೊಂದು ಹೇಳಿದರು. ಕೆಲವನ್ನು ಇಲ್ಲಿ ಬರೆಯುವ ಹಾಗಿಲ್ಲ.

12 ಮಾತೆ ಮರಿಯಮ್ಮನ ಹೆಸರಿನ ದಿನ. ಅದಕ್ಕೆ ಕುಟುಂಬದಲ್ಲಿ ಮೇರಿ, ಮರಿಯಾ ಅಂತ ಹೆಸರಿನಲ್ಲಿ ಎಲ್ಲಿಯಾದರೂ ಬರುವವರನ್ನೆಲ್ಲ ಪಟ್ಟಿ ಮಾಡಿ ಫೋನ್ ಮಾಡಿದೆವು. ಹದಿನೇಳು ಜನ ಸಿಕ್ಕಿದರು. ಅದರಲ್ಲಿ ಇಬ್ಬರು ಗಂಡಸರು. ಒಬ್ಬ ಮಾವನಿಗೆ ತನ್ನ ಜ್ಞಾನಸ್ನಾನದ ಹೆಸರಿನಲ್ಲಿ ಮರಿಯಾ ಇದೆ ಅಂತ ಮರೆತೇಹೋಗಿತ್ತು. ಖರ್ಚು ಸೊನ್ನೆ.

15ರ ಸಂಜೆ ಆಟೋ ಮಾಡಿಕೊಂಡು ಬೇಳಕ್ಕೆ ಹೋಗಿ ಬಂದೆವು. ನಮ್ಮ ಇಗರ್ಜಿ ಬೇರೆ. ಆದರೆ ಶೋಕಮಾತೆಯ ಹೆಸರಿನ, 1890ರ ಅಷ್ಟು ಚೆಂದದ ಇಗರ್ಜಿ ಇಷ್ಟು ಹತ್ತಿರ ಇರುವಾಗ ಹೋಗದಿದ್ದರೆ ಹೇಗೆ? ಮನೆಗೆ ಬಂದು ಒಂದೇ ಒಂದು ಗೆರಟೆ ಹಚ್ಚಿ, ಓದಿ, ಅದನ್ನೂ ನಂದಿಸಿ, ಕತ್ತಲೆಯಲ್ಲಿ ಒಂದು ನಮಾನ್ ಮರಿಯೆ ಪ್ರಾರ್ಥನೆ. ಮಗ ನನ್ನ ಸೆರಗು ಹಿಡಿದುಕೊಂಡಿದ್ದ. ಲೈಟ್ ಹಾಕಿದ ಮೇಲೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ.

ಭತ್ತ? ಅದೂ ಗೆದ್ದಿತು, ಕೇಳಿ. ಈ ಸಲ ತಳಿ ಬದಲಿಸಿದೆ. ಅನ್ನಪೂರ್ಣ. ಅದೂ ಜ್ಯೋತಿಯ ಹಾಗೆ ಪಟ್ಟಾಂಬಿಯ ಭತ್ತ ಸಂಶೋಧನಾ ಕೇಂದ್ರದ್ದೇ, 95ರಿಂದ 100 ದಿನದ್ದು, ಕೆಂಪಕ್ಕಿ. ಹನ್ನೆರಡು ಬಕೆಟ್ ಮೂರು ಕಂತು ಮಾಡಿ ಮೇ 10, 20, 30 ಅಂತ ಹತ್ತು ದಿನದ ಅಂತರದಲ್ಲಿ ಬಿತ್ತಿದೆ. ಒಂದು ತಪ್ಪಿದರೆ ಇನ್ನೊಂದು ಇರಲಿ ಅಂತ. ತಪ್ಪಿಯೂ ತಪ್ಪಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಬಂದು ಅಪ್ಪಳಿಸಿತಲ್ಲ, ಎರಡನೇ ಕಂತಿನ ಮೊಳಕೆ ನಾಲ್ಕೂ ಬಕೆಟಿನಲ್ಲಿ ಕೊಳೆತು ಹೋಯಿತು. ಮೊದಲನೆಯದು ಆಗಸ್ಟ್ ಮೂರನೇ ವಾರಕ್ಕೆ ಹಣ್ಣಾಯಿತು. ಅದನ್ನು ಬೀಜಕ್ಕೆ ಇಟ್ಟೆ, ಸ್ವಲ್ಪ ಹಕ್ಕಿಗಳಿಗೆ ದಾನ. ಮೂರನೆಯದು ಮಳೆ ಮೋಡದಲ್ಲಿ ನಾಲ್ಕೈದು ದಿನ ಹಿಂದೆ ಬಿದ್ದು, ಫೆಸ್ತಿನ ಹೊತ್ತಿಗೆ ಅರ್ಧ ಹಸಿರು ಅರ್ಧ ಚಿನ್ನದ ಬಣ್ಣ. ಕಾಳು ಗಟ್ಟಿ, ಆದರೆ ಉದುರುವುದಿಲ್ಲ. ಆಲ್ತಾರಿಗೆ ಇದಕ್ಕಿಂತ ಒಳ್ಳೆ ತೆನೆ ಬೇರೆ ಇಲ್ಲ. ಹಕ್ಕಿಗೆ ಈರುಳ್ಳಿ ಚೀಲದ ಬಲೆ ಹೊಲಿದು ಬಕೆಟಿಗೆ ಟೊಪ್ಪಿ ಹಾಗೆ ಹಾಕಿದ್ದೆ, ಅದೂ ನನ್ನದೇ ಮೆಷಿನಿನಲ್ಲಿ. ಚೀಲ ಅಂಗಡಿಯವರು ಸುಮ್ನೆ ಕೊಟ್ಟರು.

8ರ ಬೆಳಗ್ಗೆ ನಮ್ಮ ಕಟ್ಟನ್ನೂ ಇಗರ್ಜಿಗೆ ತೆಗೆದುಕೊಂಡು ಹೋದೆ. ಫಾದರ್ ಹತ್ತಿರ ಮೊದಲೇ ಕೇಳಿದ್ದೆ, "ತಂದಿಡಿ, ಅದರ ಜೊತೆಗೇ ಆಶೀರ್ವಾದ ಆಗುತ್ತದೆ" ಅಂದಿದ್ದರು. ನಲುವತ್ತು ನಲುವತ್ತೈದು ತೆನೆ ಇದ್ದಿರಬೇಕು. ನಮಗೆ ಹತ್ತು ಇಟ್ಟುಕೊಂಡು ಉಳಿದದ್ದು ಅಲ್ಲೇ ಹಂಚಿದೆವು. ಗುರ್ಕಾರರು ಒಂದನ್ನು ಒತ್ತಿ ನೋಡಿ, "ಇದು ನಿಮ್ಮ ಬಕೆಟಿನದ್ದಾ?" ಅಂದರು. ಹೌದು ಅಂದೆ. ಅಷ್ಟೇ. ಜಾಸ್ತಿ ಮಾತಾಡಲಿಲ್ಲ. ಮನೆಯಲ್ಲಿ ನಮ್ಮವರು ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿ, ಮೊದಲ ಚಮಚ ಮಾಂಯ್‌ಗೆ ಕೊಟ್ಟರು. ಊಟಕ್ಕೆ ಏಳು ಬಗೆ. ಹರಿವೆ, ಕೆಸು, ಹೀರೆ, ಅಂಬಡೆ ಮನೆಯದ್ದೇ. ಬೆಂಡೆ, ತೊಂಡೆ, ಹಾಗಲ ಮಾತ್ರ ಪೇಟೆಯದ್ದು. ಆ ವರ್ಷ ಓಣಂ 5ಕ್ಕೇ ಮುಗಿದಿತ್ತು, ಹಾಗಾಗಿ ಬೆಲೆ ಸ್ವಲ್ಪ ಇಳಿದಿತ್ತು. ಹೂವಿಗೂ ನೆರೆಮನೆಯವರ ಜೊತೆ ಒಪ್ಪಂದ ಮಾಡಿಕೊಂಡಿದ್ದೆ. 5ರವರೆಗೆ ರಥಪುಷ್ಪ ಅವರಿಗೆ, ದಾಸವಾಳ ನಮಗೆ. ಮಕ್ಕಳು ಅದನ್ನು ಕೋರ್ಟಿನ ಆರ್ಡರ್ ಹಾಗೆ ಪಾಲಿಸಿದರು.

ಗಲ್ಫಿಗೆ ಕಳಿಸುವ ತೆನೆ ಕಾಳು ಉದುರದೆ, ಬೂಸಲು ಬಾರದೆ ಡಿಸೆಂಬರ್‌ವರೆಗೆ ಹಾಗೇ ಇರುವಂತೆ ಒಣಗಿಸುವುದಕ್ಕೂ ಒಂದು ದಾರಿ ಉಂಟು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಕೆಲವು ತರಲೆ ಪ್ರಯೋಗಗಳೂ ಆದವು. ಸಂತ ಹೆಲೆನಾ ಶಿಲುಬೆ ಹುಡುಕಿದ ಜಾಗದಲ್ಲಿ ಕಾಮಕಸ್ತೂರಿ ಜಾತಿಯ ಗಿಡ ಬೆಳೆದಿತ್ತು ಅಂತ ಪೂರ್ವದ ಕ್ರೈಸ್ತ ಸಭೆಗಳಲ್ಲಿ ಕತೆ. 14ಕ್ಕೆ ಅದರ ಎಲೆಯನ್ನು ಜನರಿಗೆ ಕೊಡುತ್ತಾರೆ. ಕುಂಡದಲ್ಲಿ ಕಾಮಕಸ್ತೂರಿ ಹಾಕಿದೆ. 14ಕ್ಕೆ ಕೊಯ್ದು ಕೆಂಪು ಬಟ್ಟೆಯ ಮೇಲೆ ಶಿಲುಬೆಯ ಸುತ್ತ ಇಟ್ಟೆ, ಮನೆಯೆಲ್ಲ ಘಮಘಮ. 14 ಆ ವರ್ಷ ಭಾನುವಾರವೇ ಬಂದದ್ದರಿಂದ ಇಗರ್ಜಿಯಲ್ಲೂ ಕೆಂಪು, ಮನೆಯಲ್ಲೂ ಕೆಂಪು. ಮಗ ಅದನ್ನು ಮೊದಲ ಸಲ ಗಮನಿಸಿ ಪೂಜೆಯ ನಡುವೆಯೇ ನನ್ನನ್ನು ತಿವಿದ.

14 ಆದ ಮೇಲಿನ ಬುಧ, ಶುಕ್ರ, ಶನಿವಾರ ಹಳೆ ಕಾಲದಲ್ಲಿ ಉಪವಾಸ ಇತ್ತು. 1969ರಲ್ಲಿ ಕ್ಯಾಲೆಂಡರ್ ಬದಲಾದ ಮೇಲೆ ಯಾರೂ ಹೇಳುವುದಿಲ್ಲ. ಮಾಡಿ ನೋಡುವಾ ಅಂತ ಹೊರಟೆ. ಬುಧವಾರ ಸರಿಹೋಯಿತು. ಶುಕ್ರವಾರ ಮದುವೆಯ ಆರು ಬ್ಲೌಸ್ ಕೊಡಲಿಕ್ಕಿತ್ತು, ಹಸಿದ ಹೊಟ್ಟೆಯಲ್ಲಿ ಒಂದರ ತೋಳು ತಿರುಗಿಸಿ ಹೊಲಿದೆ. ಬಿಚ್ಚಿ ಹೊಲಿಯುವುದರಲ್ಲಿ ರಾತ್ರಿ ಹನ್ನೊಂದು. ಶನಿವಾರ ಗಂಜಿ ಉಂಡೆ. ಮುಂದಿನ ವರ್ಷ ಆರ್ಡರ್ ನೋಡಿಕೊಂಡು ನಿರ್ಧಾರ.

ಸಂತ ಮತ್ತಾಯರು ಸುಂಕ ವಸೂಲಿ ಮಾಡುತ್ತಿದ್ದವರಲ್ಲ, ಅದಕ್ಕೆ ಅವರ ದಿನ ನನ್ನ ಲೆಕ್ಕ ಪುಸ್ತಕದ ದಿನ. 21 ಆ ವರ್ಷ ಭಾನುವಾರ ಬಿತ್ತು. ಶಿಲುಬೆಯ ಹಬ್ಬದ ಹಾಗೆ ಇದು ಭಾನುವಾರವನ್ನು ತಳ್ಳುವುದಿಲ್ಲ, ಹಬ್ಬವೇ ಬಿಟ್ಟುಹೋಗುತ್ತದೆ. ಹಾಗಾಗಿ ಶನಿವಾರವೇ ಕೂತೆ. ಬರಬೇಕಾದ ಬಾಕಿ ಎರಡು ಸಾವಿರದ ಚಿಲ್ಲರೆ, ನಾನು ನೂಲಿನ ಅಂಗಡಿಗೆ ಕೊಡಬೇಕಾದದ್ದು ಆರುನೂರು. ಆರುನೂರು ಅವತ್ತೇ ಕೊಟ್ಟೆ. ಎರಡು ಸಾವಿರದಲ್ಲಿ ಬಂದದ್ದು ಒಂಬೈನೂರು. ಉಳಿದವರಿಗೆ ಮತ್ತಾಯರ ಪರಿಚಯ ಇಲ್ಲ ಅಂತ ಕಾಣುತ್ತದೆ.

1ರಿಂದಲೇ ಅಕ್ಕಿ ತೊಳೆಯುವ ಮುಂಚೆ ದಿನಾ ಎರಡು ಮುಷ್ಟಿ ಡಬ್ಬಕ್ಕೆ ಹಾಕುತ್ತಿದ್ದೆ. 27ಕ್ಕೆ ಸಂತ ವಿನ್ಸೆಂಟ್ ದೆ ಪಾವ್ಲರ ದಿನ ಅದನ್ನು ಬಡವರಿಗೆ ನೆರವಾಗುವ ಅವರ ಹೆಸರಿನ ಸಭೆಗೆ ಕೊಟ್ಟೆವು. ಮೂರೂವರೆ ಕೇಜಿ ಆಗಿತ್ತು. ಮನೆಯ ಅನ್ನ ಕಡಿಮೆಯಾದದ್ದು ಯಾರಿಗೂ ತಿಳಿಯಲಿಲ್ಲ.

29 ಮೂವರು ಮಹಾದೂತರದ್ದು. ಬ್ಲ್ಯಾಕ್‌ಬೆರಿ ಬಿಟ್ಟು ಮೀನಿಗೆ ಬಂದೆ. ತೊಬಿತನ ಪುಸ್ತಕದಲ್ಲಿ ರಫಾಯೆಲ್ ದೂತ ಹೇಳಿ ಹಿಡಿಸಿದ ಮೀನು ಇದೆಯಲ್ಲ, ಕುರುಡು ಕಣ್ಣಿಗೆ ಅದರ ಪಿತ್ತದ ಮದ್ದು. ಹಾಗಾಗಿ ಬಂಗುಡೆ ಸಾರು. ನಮ್ಮವರು ಇದನ್ನು ಬಹಳ ಭಕ್ತಿಯಿಂದ ಆಚರಿಸಿದರು. ಮಿಖಾಯೆಲರ ಖಡ್ಗದ ಲೆಕ್ಕದಲ್ಲಿ ಮನೆಯ ಕತ್ತಿ, ಚೂರಿ, ನನ್ನ ಎರಡು ಕತ್ತರಿ ಎಲ್ಲಕ್ಕೂ ಸಾಣೆ. ಗಾಬ್ರಿಯೆಲರು ಸುದ್ದಿ ತಂದ ದೂತ, ಅದಕ್ಕೆ ಗಲ್ಫಿಗೆ ಫೋನ್.

30ಕ್ಕೆ ಜೆರೋಮರು, ಬೈಬಲ್ ಅನುವಾದ ಮಾಡಿದವರು. ಅವತ್ತು ಒಂದೇ ವಾಕ್ಯವನ್ನು ಮಾಂಯ್ ಕೊಂಕಣಿಯಲ್ಲಿ, ನಾನು ಕನ್ನಡದಲ್ಲಿ, ಮಗ ಮಲಯಾಳದಲ್ಲಿ, ಮಗಳು ಇಂಗ್ಲಿಷಿನಲ್ಲಿ ಓದಿದೆವು. ನಮ್ಮವರ ಪಾಲಿಗೆ ತುಳು ಬಂತು. ಪುಸ್ತಕ ಇಲ್ಲದೆ ಬಾಯಲ್ಲೇ ಹೇಳಿದರು, ಎಲ್ಲರೂ ನಕ್ಕರು. ಮಗನಿಗೆ ಕನ್ನಡ ಲಿಪಿ ತಡವರಿಸುತ್ತದೆ, ತೇರ್ಸಿನ ಕಾರ್ಡನ್ನು ಕನ್ನಡದಲ್ಲಿ ಬರೆದು ಕೊಟ್ಟರೆ ಬಾಯಿಪಾಠದಲ್ಲೇ ದಾಟಿಸುತ್ತಾನೆ. ಅದಕ್ಕೇ ಈ ಸಲ ದೀಪ ನಂದಿಸುವ ಹಕ್ಕು ಕನ್ನಡದಲ್ಲಿ ಓದಿದವರಿಗೆ ಅಂತ ನಿಯಮ ಮಾಡಿದ್ದೆ. 13ಕ್ಕೆ ಒಂದು ಪ್ಯಾರಾ ಪೂರ್ತಿ ಓದಿದ.

ಖರ್ಚು ನೆನಪಿನಿಂದ ಹೇಳುತ್ತೇನೆ. ಹೊಸ ಆರು ಬಕೆಟ್ ಮುನ್ನೂರು, ಬಟ್ಟೆ ಇನ್ನೂರೈವತ್ತು, ಕಬ್ಬು ಎರಡು ಕೋಲು ನೂರಿಪ್ಪತ್ತು, ಪೇಟೆ ತರಕಾರಿ ಇನ್ನೂರು, ಬೇಳಕ್ಕೆ ಆಟೋ ಇನ್ನೂರು, ಬತ್ತಿ ಗಿತ್ತಿ ಐವತ್ತು. ಸಾವಿರದ ನೂರರ ಆಚೀಚೆ. ಬಂಗುಡೆ ಇದರಲ್ಲಿ ಸೇರಿಲ್ಲ, ಅದು ಹೇಗೂ ತರುತ್ತಿದ್ದದ್ದು. 2022ರ ಮೂರು ಸಾವಿರದ ಪಕ್ಕ ಇಟ್ಟು ನೋಡಿ. ನಮ್ಮವರಿಗೂ ತೋರಿಸಿದೆ.

ಅನ್ನಪೂರ್ಣದ ಬೀಜ ಎರಡು ಸೇರಿನಷ್ಟು ಇಟ್ಟಿದ್ದೇನೆ. ಬೇಕಾದವರು ಏಪ್ರಿಲ್ ಮುಗಿಯುವುದರೊಳಗೆ ಬನ್ನಿ, ಹಿಡಿ ಹಿಡಿ ಕೊಡುತ್ತೇನೆ, ದುಡ್ಡು ಬೇಡ. ಗೆರಟೆಯನ್ನು ನೀವೇ ಹೆರೆದುಕೊಳ್ಳಿ. ಗುರ್ಕಾರರು ಈಗಾಗಲೇ ನಾಲ್ಕು ಬಕೆಟಿಗೆ ಹೇಳಿಟ್ಟಿದ್ದಾರೆ.